ಅಳಿಸಬೇಕಿದ್ದ ಮೊಲಗಳು

ಮಾರ್ಚ್ ೨೯, ಶನಿವಾರ

ಸರ್ವರ್ ತುಂಬಿಹೋಗಿದೆ. ಆರು ತಿಂಗಳಿಂದ ಯಾರೂ ಊಟ ಹಾಕದ ಮೊಲಗಳನ್ನೆಲ್ಲ ನಾನು ಮಾಡಿದ ಆನ್‌ಲೈನ್ ಆಟದಿಂದ ಅಳಿಸಿಬಿಡೋಣವೆಂದು ಬೆಳಿಗ್ಗೆ ಕೂತರೆ, ಪಟ್ಟಿಯಲ್ಲಿ ಒಂದೂ ಇಲ್ಲ! ಆಟಗಾರರು ಬಿಟ್ಟುಹೋದ ಮುನ್ನೂರು ಮೊಲಗಳಿಗೂ ನಿನ್ನೆ ತಾನೇ ಊಟವಾಗಿದೆ. ತಪ್ಪು ಹುಡುಕಿ ಹುಡುಕಿ ತಲೆ ಕೆಟ್ಟಿತು. ಕೊನೆಗೆ ಸಿಕ್ಕಿಬಿದ್ದವಳು ಅಮ್ಮ. ಅಕ್ಷರ ಕಾಣುತ್ತದೆಯೇ ನೋಡೆಂದು ಅವಳಿಗೆ ನನ್ನ ಖಾತೆ ತೆರೆದುಕೊಟ್ಟಿದ್ದೆ; ಅದರಿಂದ ಯಾರ ಮೊಲಕ್ಕೆ ಬೇಕಾದರೂ ಊಟ ಹಾಕಬಹುದು.

“ಹಸ್ಕೊಂಡು ಮುಖ ನೋಡ್ತಿದ್ವು ಕಣೇ. ನಮ್ಮದಲ್ಲ ಅಂತ ಬಿಡೋಕಾಗುತ್ತಾ?”

ಚೆನ್ನಾಗಿ ರೇಗಿದೆ. ಮಧ್ಯಾಹ್ನ ಆಟವಾಡುವ ಹುಡುಗಿಯೊಬ್ಬಳ ಸಂದೇಶ ಬಂತು: “ಪರೀಕ್ಷೆ ಮುಗೀತು, ಅಪ್ಪ ಫೋನ್ ವಾಪಸ್ ಕೊಟ್ರು. ನನ್ನ ಮೊಲ ಸತ್ತೋಯ್ತಾ ಆಂಟಿ?”

ಇದೆ, ದಪ್ಪಗಾಗಿದೆ ಎಂದು ಬರೆದೆ. ಅಮ್ಮನಿಗೂ ಹೇಳಿದೆ.

“ಸದ್ಯ, ಒಂದರ ಮನೆಯವರು ಬಂದ್ರಲ್ಲ. ಮಿಕ್ಕವ್ರೂ ಬರ್ತಾರೆ ಬಿಡು.”

ಅಳಿಸುವುದನ್ನು ನಾಳೆ... ಇಲ್ಲ, ನಾಳೆಯೂ ಬೇಡ. ಪಕ್ಕದವರ ಮೊಲಕ್ಕೂ ಊಟ ಹಾಕುವ ಬಟನ್ ಒಂದನ್ನು ಎಲ್ಲರಿಗೂ ಕೊಟ್ಟರೆ...