ಪಾಳಿ ಬದಲಾಗುವ ಹೊತ್ತು

ಇನ್‌ಸ್ಪೆಕ್ಟರ್ ಸಾಹೇಬರಿಗೆ ನಿಮ್ಮ ಹೆಡ್ ಕಾನ್‌ಸ್ಟೇಬಲ್‌ನ ನಮಸ್ಕಾರಗಳು.

ನಮ್ಮ ಠಾಣೆಯಲ್ಲಿ ಆಳು ಕಡಿಮೆ, ಗೋಳು ಹೆಚ್ಚು. ಭತ್ಯೆಗೆ ಹಣವಿಲ್ಲ, ಪಾಳಿಗೆ ಕೊನೆಯಿಲ್ಲ. ಇದು ತಮಗೂ ಗೊತ್ತು. ನನ್ನದು ಹಗಲು ಪಾಳಿ, ಕಾನ್‌ಸ್ಟೇಬಲ್ ಆಗಿರುವ ನನ್ನ ಹೆಂಡತಿಯದು ರಾತ್ರಿ ಪಾಳಿ. ಇಬ್ಬರಿಗೂ ಸೇರಿ ಒಂದೇ ವಾಕಿಟಾಕಿ. ಸಂಜೆ ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಂಡು ಅದನ್ನು ಅವಳ ಕೈಗೆ ಕೊಡುವ ಹೊತ್ತಿನಲ್ಲೇ ನಮ್ಮ ಸಂಸಾರ ನಡೆಯಬೇಕು.

ಹೋದ ವಾರ ಅವಳು, "ರೀ, ಒಂದು ಮಾತು ಹೇಳ್ಬೇಕಿತ್ತು" ಅಂದಳು.

"ಮೊದ್ಲು ಸಹಿ ಹಾಕಮ್ಮ, ಜೀಪು ಕಾಯ್ತಿದೆ" ಅಂದೆ.

"ಸಂಸಾರಕ್ಕೂ ಒಂದು ರಿಜಿಸ್ಟರ್ ಇಟ್ಬಿಡಿ, ಅಲ್ಲೂ ಸಹಿ ಹಾಕ್ತೀನಿ" ಎಂದು ನಕ್ಕು ಜೀಪು ಹತ್ತಿದಳು.

ಆ ಮಾತು ಏನೆಂದು ಮರುದಿನ ನಾನು ತಮ್ಮ ಬಾಯಿಂದ ಕೇಳಬೇಕಾಯಿತು. ಅವಳು ತವರೂರಿನ ಠಾಣೆಗೆ ವರ್ಗ ಕೇಳಿದ್ದಾಳೆ, ಮಗಳನ್ನೂ ಕರೆದುಕೊಂಡು ಹೋಗುತ್ತಾಳೆ.

ಸಿಬ್ಬಂದಿ ಕೊರತೆಯ ಕಾರಣ ಕೊಟ್ಟು ದಯವಿಟ್ಟು ಅವಳನ್ನು ತಡೆಯಬೇಡಿ. ಅವಳ ಪಾಳಿಯನ್ನೂ ನಾನೇ ಮಾಡುತ್ತೇನೆ, ಭತ್ಯೆ ಬೇಡ. ಇನ್ನು ಮೇಲೆ ನನಗೆ ಮನೆಗೆ ಹೋಗುವ ಅವಸರವೇನೂ ಇರುವುದಿಲ್ಲ.

ತಮ್ಮ ಅಪ್ಪಣೆಗೆ ಕಾದಿರುವ,
ಹಗಲು ಪಾಳಿಯ ಹೆಡ್ ಕಾನ್‌ಸ್ಟೇಬಲ್