ಅಮ್ಮನ ಹೆಸರಿನ ಪತ್ರ

ಆಲೆಟ್ಟಿ,
ಮಂಗಳವಾರ, ೧೮ ಫೆಬ್ರವರಿ ೨೦೨೫

ಪ್ರೀತಿಯ ಗಾನಕ್ಕಾ,

ಹೇಗಿದ್ದೀ? ಹಾಸನದ ಚಳಿ ಇಳಿಯಿತೇ? ಹಾಸ್ಟೆಲಿನ ಮಕ್ಕಳು ವಾರ್ಡನ್ ಅಕ್ಕನಿಗೆ ಸ್ವಲ್ಪವಾದರೂ ಹೆದರುತ್ತಾರಾ, ಇಲ್ಲ ನಿನ್ನ ಮುಖ ನೋಡಿ ಮೊದಲ ದಿನವೇ ಧೈರ್ಯ ಮಾಡಿಕೊಂಡರಾ? ಬಲಗೈಯ ಮಣಿಕಟ್ಟು ಈಗ ಹೇಗಿದೆ? ಬಕೆಟ್ ಎತ್ತುವಾಗ ಮರೆತು ಅದೇ ಕೈಯನ್ನು ಮುಂದೆ ಮಾಡಬೇಡ. ಗುಂಡ್ಯದಲ್ಲಿ ನಿನ್ನನ್ನು ಬಸ್ಸು ಹತ್ತಿಸಿದ ದಿನ ನೀನು ಎಡಗೈಯಲ್ಲಿ ಕಂಬಿ ಹಿಡಿದದ್ದು ನನಗೆ ಈಗಲೂ ಕಣ್ಣ ಮುಂದೆ ಬರುತ್ತದೆ.

ಈ ಲಕೋಟೆಯಲ್ಲಿ ಎರಡು ಪತ್ರಗಳಿವೆ. ಇನ್ನೊಂದರ ಕೆಳಗೆ ಅಮ್ಮನ ಸಹಿ ಇದೆ, ಆದರೆ ಅದರಲ್ಲಿ ಅಮ್ಮ ಹೇಳಿದ ಒಂದು ಸಾಲೂ ಇಲ್ಲ. ಹೇಳಿದ್ದು ಅಪ್ಪ, ಬರೆದದ್ದು ನಾನು. ನೀನು ಅಪ್ಪನ ಫೋನ್ ತೆಗೆಯುವುದನ್ನು ಬಿಟ್ಟ ಮೇಲೆ ಅವರಿಗೆ ಉಳಿದದ್ದು ಅಂಚೆಯೊಂದೇ. ನನ್ನ ಫೋನನ್ನೂ ಅವರು ನೋಡುತ್ತಾರೆಂದು ನಿನಗೆ ಗೊತ್ತು. ಲಕೋಟೆ ಅಂಟಿಸುವ ಕೆಲಸವೂ ನನ್ನ ಪಾಲಿಗೇ ಬಂದದ್ದರಿಂದ ಇದೂ ಒಳಗೆ ಸೇರಿತು. ಮೊದಲು ಇದನ್ನು ಓದು.

ಶನಿವಾರ ಸವಣೂರಿನಲ್ಲಿ ತಾಳಮದ್ದಳೆ ಇತ್ತು. ಹೆಂಡತಿಯನ್ನು ನೋಯಿಸಿ ಕೊನೆಗೆ ಮರುಗುವ ಒಬ್ಬ ರಾಜನ ಪಾತ್ರ ನಿನ್ನ ಗಂಡನಿಗೆ, ಎದುರು ಕುರ್ಚಿಯಲ್ಲಿ ಅಪ್ಪ. ವೇಷವಿಲ್ಲ, ಕುಣಿತವಿಲ್ಲ, ಶಾಲು ಹೊದ್ದು ಕೂತು ಮಾತಾಡುವುದಷ್ಟೇ, ಆದರೂ ಸಭೆಯೆಲ್ಲ ಅತ್ತಿತು. ವಿಷ್ಣುಪ್ರಸಾದ್ ಭಾವ ಮೊದಲು ತನ್ನ ತಪ್ಪನ್ನು ತಾನೇ ದೊಡ್ಡದು ಮಾಡಿ ಹೇಳಿದರು, ಎದುರಿನವರಿಗೆ ಹೇಳಲು ಏನೂ ಉಳಿಯದ ಹಾಗೆ. ಆಮೇಲೆ ದನಿ ತಗ್ಗಿಸಿ, ಬಳೆಯ ಸದ್ದಿಲ್ಲದ ಅಡುಗೆಮನೆಯ ಮಾತು ತಂದರು. ರಾಜನಿಗೆ ಅಡುಗೆಮನೆಯ ಸುದ್ದಿ ಎಂತಕ್ಕೆ ಎಂದು ಯಾರಿಗೂ ತೋಚಲಿಲ್ಲ. ಮಾತು ನಿಲ್ಲಿಸಿದಾಗಲೆಲ್ಲ ಅಪ್ಪನ ಮುಖ ನೋಡುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ಒಂದೊಂದು ಉಪಾಯಕ್ಕೂ ತರಗತಿಯಲ್ಲಿ ಕಲಿತ ಹೆಸರು ಇಡುತ್ತಿದ್ದೆ. ಆದರೂ ಅತ್ತೆ, ಅಕ್ಕಾ. ನಿನ್ನ ಕೈಗೆ ಬ್ಯಾಂಡೇಜು ಸುತ್ತಿದವಳು ನಾನು, ಆ ನಾನೇ ಅತ್ತೆ.

ಕಾಫಿ ತಂದ ಹೆಂಗಸಿಗೆ ಅದೇ ಬಾಯಿ "ಕಣ್ಣು ಕಾಣುದಿಲ್ವಾ ನಿಂಗೆ?" ಎಂದದ್ದು ಅಪ್ಪನಿಗೆ ಕೇಳಿಸಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು: "ಅವ ಬದಲಾಗಿದ್ದಾನೆ. ಒಳಗೆ ಇಲ್ಲದಿದ್ರೆ ಅಂಥ ಮಾತು ಬರುದುಂಟಾ?" ನಿನ್ನನ್ನು ಕೊಟ್ಟದ್ದೂ ಹೀಗೆಯೇ. ಜಾತಕ ತರಿಸುವ ಮೊದಲೇ ಅಪ್ಪ ತಾಳಮದ್ದಳೆಯಲ್ಲಿ ಭಾವನ ಅರ್ಥಗಾರಿಕೆ ಕೇಳಿ ಮನಸ್ಸು ಮಾಡಿಯಾಗಿತ್ತು. ಧರ್ಮದ ಬಗ್ಗೆ ಅಷ್ಟು ಚಂದ ಮಾತಾಡುವವ ಮನೆಯೊಳಗೆ ಕೈ ಎತ್ತುತ್ತಾನೆಂದು ಅವರಿಗೆ ಇವತ್ತಿಗೂ ನಂಬಿಕೆ ಬಂದಿಲ್ಲ. ಒಂದು ವಾರ ದೇವರ ಪರವಾಗಿ, ಮರುವಾರ ರಾಕ್ಷಸನ ಪರವಾಗಿ ಮಾತಾಡಿ ಎರಡೂ ಸಲ ಗೆದ್ದು ಬರುವ ಅಪ್ಪನಿಗಾದರೂ ಇದು ಗೊತ್ತಿರಬೇಕಿತ್ತು.

ಭಾನುವಾರ ನನ್ನನ್ನು ಜಗಲಿಯಲ್ಲಿ ಕೂರಿಸಿದರು. "ಸಾಹಿತ್ಯ ಓದಿದ್ದೀಯಲ್ಲ, ಬರೆ. ಬಾ ಅಂತ ಎಲ್ಲಿಯೂ ಬರಿಬೇಡ. ಓದುವಾಗ ಅವಳಿಗೇ ಹೊರಡ್ಬೇಕು ಅಂತ ಆಗ್ಬೇಕು." ಅದಕ್ಕೇ ಆ ಪತ್ರದಲ್ಲಿ 'ಬಾ' ಎಂಬ ಮಾತೇ ಇಲ್ಲ. ಅದರಲ್ಲಿ ನಿನ್ನ ತಟ್ಟೆಯನ್ನು ದಿನವೂ ತೊಳೆದಿಡುವ ಅಮ್ಮ ಇದ್ದಾಳೆ. ನಿನ್ನದೇ ಎಂಬ ತಟ್ಟೆ ನಮ್ಮಲ್ಲಿ ಇರಲೇ ಇಲ್ಲ, ಆದರೂ ಓದುವಾಗ ಅದು ನಿನಗೆ ಕಾಣುತ್ತದೆ. ಕಂಡದ್ದನ್ನು ನಂಬದೆ ಇರುವುದು ಕಷ್ಟ. 'ಮನೆಯ ದೀಪ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದು ನಿನ್ನದೇ ಯೋಚನೆಯ ಹಾಗೆ ಕೇಳಿಸಬೇಕೆಂದು. ತಂಗಿಗೊಂದು ಸಂಬಂಧ ಕೂಡಿಬರುವುದು ನಿನಗೆ ಬೇಡವೇ ಎಂಬಂಥ, ಬೇಡ ಎನ್ನಲಾಗದ ಪ್ರಶ್ನೆಗಳಿವೆ. ಅಮ್ಮನ ಊಟ ಇಳಿದಿದೆ, ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾಳೆ ಎಂದೂ ಇದೆ.

ಅದನ್ನು ಬರೆಸುವಾಗ ಪಕ್ಕದ ಮನೆಯ ಹರಿಣಾಕ್ಷಕ್ಕ ಮಜ್ಜಿಗೆಗೆಂದು ಬಂದವರು ಅಲ್ಲೇ ಕೂತರು. "ಎಂತ ಬರೆಸುದು ಮಾರಾಯ್ರೆ ನೀವು! ಕೇಳಿ ನಂಗೇ ಗಂಟು ಕಟ್ಟಿ ಹೊರಡುವ ಅಂತ ಆಯ್ತು." ಬಾಗಿಲಿಗೆ ಒರಗಿ ನಿಂತಿದ್ದ ಅಮ್ಮನೂ ನಕ್ಕಳು. "ಸತ್ತೆ ಅಂತ್ಲೇ ಬರೆಸಿ, ನಾಳೆಯೇ ಬರ್ತಾಳೆ." ಅಪ್ಪ ನಗಲಿಲ್ಲ. "ಅಷ್ಟು ಬೇಡ. ಹೆಚ್ಚಾದ್ರೆ ಓದುವವರಿಗೆ ಸಂಶಯ ಬರ್ತದೆ." ಅಮ್ಮ ಸಹಿ ಹಾಕಿ ಒಳಗೆ ಹೋದಳು.

ಬರೆಯುವುದಿಲ್ಲ ಎನ್ನಬೇಕೆಂದಿದ್ದೆ. ಆದರೆ ಅಪ್ಪನೆದುರು ನನ್ನ ಬಾಯಿಂದ ಮಾತು ಯಾವತ್ತು ಹೊರಟಿದೆ? ಕೆಟ್ಟದಾಗಿಯಾದರೂ ಬರೆಯೋಣ ಎಂದುಕೊಂಡೆ, ಅದೂ ಆಗಲಿಲ್ಲ. ಒಳ್ಳೆಯ ವಾಕ್ಯ ಸಿಕ್ಕಿದ ಮೇಲೆ ಕೈ ನನ್ನ ಮಾತು ಕೇಳುವುದಿಲ್ಲ. ಆ ಪತ್ರ ಚೆನ್ನಾಗಿದೆ ಅಕ್ಕಾ, ಹೆದರಿಕೆ ಅದಕ್ಕೇ. ಇಷ್ಟೆಲ್ಲ ಬಿಡಿಸಿ ಹೇಳಿದ್ದರಿಂದ ನೀನು ಅಲ್ಲೇ ಉಳಿಯುತ್ತೀ ಎಂಬ ಭರವಸೆಯೂ ನನಗಿಲ್ಲ, ಎಲ್ಲ ಗೊತ್ತಿದ್ದೂ ಅತ್ತವಳು ನಾನು. ನೀನು ಬಂದರೆ ಅಪ್ಪ ಆವತ್ತೇ ಕಾರಿನಲ್ಲಿ ಸವಣೂರಿಗೆ, ಭಾವನ ಮನೆಗೆ ಕರೆದುಕೊಂಡು ಹೋಗುತ್ತಾರೆ. ಭಾವ ಜಗಲಿಯಲ್ಲಿ ಚಂದ ಮಾತಾಡುತ್ತಾರೆ. ಅಪ್ಪ ತೃಪ್ತಿಯಿಂದ ಕಾಫಿ ಕುಡಿದು ಹಿಂದಿರುಗುತ್ತಾರೆ. ಬಾಗಿಲು ಹಾಕಿದ ಮೇಲೆ ಅಲ್ಲಿ ಸಭೆ ಇರುವುದಿಲ್ಲ.

ನಿನ್ನ ಹಾಸ್ಟೆಲಿನ ಮಕ್ಕಳಿಗೆಲ್ಲ ಈ ಚಿಕ್ಕಮ್ಮನ ನೆನಪು ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ಕೈ ಜೋಪಾನ.

ನಿನ್ನ
ಸಮನ್ವಿತಾ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಬಿಡಿಸಿ ಬರೆಯುತ್ತಿದ್ದೇನೆ. ಅಂಚೆಗೆ ಹೋಗಲು ಅಪ್ಪ ಅಂಗಳದಲ್ಲಿ ಬೈಕ್ ಸ್ಟಾರ್ಟ್ ಮಾಡಿ ನಿಂತಿದ್ದಾರೆ. ಆ ಪತ್ರದಲ್ಲಿ ಅಮ್ಮನ ಊಟದ, ಮೆಟ್ಟಿಲಿನ ಮಾತು ಇದೆಯಲ್ಲ, ಅಪ್ಪ ಅದನ್ನು ಸುಳ್ಳೆಂದುಕೊಂಡೇ ಬರೆಸಿದ್ದು. ಅದು ನಿಜ. ಅಪ್ಪನಿಗೆ ಗೊತ್ತಿಲ್ಲ. ಇನ್ನು ಹೆಚ್ಚೇನೂ ಮಾಡುವಂತಿಲ್ಲ ಎಂದರು ಡಾಕ್ಟರು, ಕಾಯಿಲೆಯ ಹೆಸರು ಬರೆಯಲು ನನಗೆ ಆಗುತ್ತಿಲ್ಲ. "ಗಾನನಿಗೆ ಮಾತ್ರ ಹೇಳ್ಬೇಡ. ಅವಳು ಬಂದ್ರೆ ಇವರು ಬಿಡುದಿಲ್ಲ" ಎಂದು ಅಮ್ಮ ಬಸ್ಸಿನಲ್ಲಿ ನನ್ನ ಕೈ ಹಿಡಿದು ಹೇಳಿದ್ದಳು. ನಿನ್ನನ್ನು ನಂಬಿಸುವುದು ಹೇಗೆಂದು ತಿಳಿಯುತ್ತಿಲ್ಲ, ಇರುವ ಮಾತೆಲ್ಲ ಆ ಪತ್ರಕ್ಕೇ ಖರ್ಚಾಗಿದೆ. ನನ್ನ ಹಲ್ಲುನೋವಿನ ನೆಪ ಹೇಳಿ ಪ್ರತಿ ಗುರುವಾರ ನಾವಿಬ್ಬರೂ ಪುತ್ತೂರಿಗೆ ಹೋಗುತ್ತೇವೆ. ನಿನ್ನ ಕೈ ತೋರಿಸಿದ್ದೆವಲ್ಲ, ಅದೇ ಆಸ್ಪತ್ರೆ. ಮಧ್ಯಾಹ್ನದವರೆಗೆ ಹೊರಗಿನ ಬೆಂಚಿನಲ್ಲಿ ಕೂತಿರುತ್ತೇವೆ. ಮನೆಗೆ ಬರಬೇಡ.