ಅಳಿಸೋಕೆ ಹೋಗಿ ಕಳಿಸಿದ್ದು

ರೀ,

ನಿನ್ನೆ ನೀವೇ ಬಿಚ್ಚಿ ನನ್ನ ಬಟನ್ ಫೋನಿಗೆ ಹೊಸ ಕೀಪ್ಯಾಡ್ ಕೂರಿಸಿದಿರಲ್ಲ, ಕೈಗುಣ ಅಂದ್ರೆ ಕೈಗುಣ! ಅಳಿಸೋ ಕೀ ಒತ್ತಿದರೆ ಮೆಸೇಜ್ ಹೊರಟೇ ಹೋಗುತ್ತೆ.

ಬೆಳಿಗ್ಗೆ ಸಿಟ್ಟಲ್ಲಿ ನಿಮ್ಮಕ್ಕನಿಗೆ, "ಇವತ್ತೊಂದಿನ ಬರಬೇಡಿ, ಭಾನುವಾರ ಅಂದ್ರೆ ನಂಗೆ ಬರೀ ಅಡುಗೆಮನೆ ಆಗೋಗಿದೆ" ಅಂತ ಟೈಪ್ ಮಾಡಿದ್ದೆ. ಛೇ, ತಪ್ಪು ಅಂತ ಅಳಿಸೋಕೆ ಹೋದೆ. ಹೋಯ್ತು!

ತಕ್ಷಣ ಅಕ್ಕನ ಫೋನು. "ನಂಗೂ ಸಾಕಾಗಿದೆ ಕಣೇ. ಬರದೇ ಇದ್ರೆ ತಮ್ಮ ವೀರೇಶ ಮುನಿಸ್ಕೋತಾನೆ ಅಂತ ಬರ್ತಿದ್ದೆ. ನೀನೇ ಬಾ, ಹೋಳಿಗೆ ಮಾಡ್ತೀನಿ."

ನೀವು ಕಟಿಂಗ್ ಮುಗಿಸಿ ಬರೋವರೆಗೂ ಕಾಯಲ್ಲ, ಲಗ್ಗೆರೆಗೆ, ಅಕ್ಕನ ಮನೆಗೆ ಹೊರಟೆ. ಫೋನು ಟೀವಿ ಮೇಲಿದೆ, ಮತ್ತೆ ಬಿಚ್ಚೋಕೆ ಹೋಗ್ಬೇಡಿ. ಹಿಟ್ಟು ಫ್ರಿಜ್ಜಲ್ಲಿದೆ, ದೋಸೆ ಹುಯ್ಕೊಳ್ಳಿ.

ನಿಮ್ಮನ್ನೂ ಕರ್ಕೊಂಡು ಬರ್ಲಾ ಅಂತ ಕೇಳಿದೆ. ಅಕ್ಕ ಬೇಡ ಅಂದ್ರು.

ರಂಜನಿ